ಫೋನ್ ಕಸಿದುಕೊಳ್ಳುವ ಮೊದಲು: ಪ್ರಾಥಮಿಕ ಶಾಲೆಯ ಮಕ್ಕಳ ಗೇಮ್ ಗೀಳಿಗೆ ಮನೆಯಲ್ಲೇ ಮಾಡಬಹುದಾದದ್ದು

ರಾತ್ರಿ ಎಂಟು ಗಂಟೆ. ಮೂರನೇ ಕ್ಲಾಸಿನ ಹುಡುಗನ ಕೈಯಲ್ಲಿ ಅಮ್ಮನ ಫೋನ್. "ಸಾಕು, ಊಟಕ್ಕೆ ಬಾರೋ." "ಒಂದೇ ನಿಮಿಷ ಅಮ್ಮಾ." ಐದು ನಿಮಿಷಕ್ಕೆ ಇನ್ನೊಂದು ಕರೆ, ಹತ್ತು ನಿಮಿಷಕ್ಕೆ ಗದರಿಕೆ, ಹದಿನೈದಕ್ಕೆ ಫೋನ್ ಕಸಿತ. ಆಮೇಲೆ ಕಿರುಚಾಟ, ಕಾಲು ಬಡಿತ, ಊಟವೇ ಬೇಡ ಎಂಬ ಹಟ. ಈ ಜಗಳ ಎಷ್ಟೋ ಮನೆಗಳ ದಿನಚರಿಯೇ ಆಗಿಹೋಗಿದೆ.

ಇಂಥ ಮನೆಗಳಲ್ಲಿ ಅಪ್ಪ-ಅಮ್ಮ ಮೊದಲು ಕೇಳುವುದು "ದಿನಕ್ಕೆ ಎಷ್ಟು ಹೊತ್ತು ಕೊಡಬಹುದು?" ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು "ಈ ಆಟ ಎಲ್ಲಿ ನಿಲ್ಲುತ್ತದೆ?" ಎಂದು ಕೇಳಿಕೊಳ್ಳಬೇಕು. ಆರರಿಂದ ಹನ್ನೊಂದು ವರ್ಷದ ಮಕ್ಕಳ ವಿಷಯದಲ್ಲಿ ಮನೆಯ ನೆಮ್ಮದಿ ಕೆಡುವುದೂ ಅಭ್ಯಾಸ ಗಟ್ಟಿಯಾಗುವುದೂ ಹೆಚ್ಚಾಗಿ ಆಟ ನಿಲ್ಲಿಸುವ ಆ ಐದು ನಿಮಿಷದಲ್ಲಿ. ಅದನ್ನು ಸರಿಪಡಿಸಿದರೆ ಉಳಿದ ಅರ್ಧ ಕೆಲಸ ತಾನಾಗಿಯೇ ಹಗುರವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹೆಚ್ಚು ಆಡುವ ಮಕ್ಕಳೆಲ್ಲ ಚಟ ಹತ್ತಿದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬುದು ಸೇರಿದೆ. ಅದಕ್ಕೆ ಮೂರು ಲಕ್ಷಣ ಒಟ್ಟಿಗೆ ಇರಬೇಕು: ಆಟದ ಮೇಲೆ ಹಿಡಿತ ತಪ್ಪಿರಬೇಕು; ಊಟ, ಓದು, ಗೆಳೆಯರು, ನಿದ್ದೆ ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು; ತೊಂದರೆಯಾಗುತ್ತಿದ್ದರೂ ಆಟ ಮುಂದುವರಿಯುತ್ತಿರಬೇಕು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳು ಕಂಡುಬಂದಿರಬೇಕು, ಲಕ್ಷಣ ತೀವ್ರವಾಗಿದ್ದರೆ ಕಡಿಮೆ ಅವಧಿಯೂ ಸಾಕು. ಪ್ರಾಥಮಿಕ ಶಾಲೆಯ ಹೆಚ್ಚಿನ ಮಕ್ಕಳು ಈ ಗೆರೆಯ ಈಚೆಗೇ ಇರುತ್ತಾರೆ. ಅವರಲ್ಲಿರುವುದು ಬೇರೂರುತ್ತಿರುವ ಅಭ್ಯಾಸ. ಹಾಗಾಗಿ ನೆಂಟರ ಮುಂದೆ "ಇವನು ಫೋನಿಗೆ ಅಡಿಕ್ಟ್ ಆಗಿಬಿಟ್ಟಿದ್ದಾನೆ" ಎನ್ನಬೇಡಿ. ಎಂಟು ವರ್ಷದ ಮಗು ಆ ಮಾತನ್ನು ನಂಬುತ್ತದೆ, ನಂಬಿದ ಮೇಲೆ ಪ್ರಯತ್ನ ಬಿಡುತ್ತದೆ.

ಆಟ ಮಗುವನ್ನು ಹಿಡಿದಿಡುವುದು ಹೇಗೆ

ಈ ಆಟಗಳು ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಿದ್ದರೆ ಮಗುವಿನ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಸಾಲು ಮುರಿಯುತ್ತದೆ. ಆಟದೊಳಗಿನ ಬಹುಮಾನದ ಪೆಟ್ಟಿಗೆ ತೆರೆದರೆ ಒಮ್ಮೆ ಏನೋ ಒಳ್ಳೆಯದು ಸಿಗುತ್ತದೆ, ಹತ್ತು ಸಲ ಏನೂ ಸಿಗುವುದಿಲ್ಲ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನಕ್ಕೆ ಮನಸ್ಸು ಹೆಚ್ಚು ಅಂಟಿಕೊಳ್ಳುತ್ತದೆ. ಲಾಟರಿಯ ಹಿಂದಿರುವುದೂ ಇದೇ ಸೂತ್ರ. ಬೆಲ್ಜಿಯಂ 2018ರಲ್ಲಿ, ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿಗೆ ತಂದದ್ದು ಸುಮ್ಮನೆ ಅಲ್ಲ. ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ ಇರುತ್ತವೆ, ಕಳೆದುಕೊಂಡ ಒಂದು ಜೀವ ಮರಳಲು 30 ನಿಮಿಷ ಬೇಕು. ಎಂದರೆ ಫೋನ್ ಕೆಳಗಿಟ್ಟ ಮೇಲೂ ಮಗುವಿನ ತಲೆಯೊಳಗೆ ಗಡಿಯಾರ ಓಡುತ್ತಿರುತ್ತದೆ.

ಇನ್ನೊಂದು ಕಾರಣ ದೊಡ್ಡವರ ಕಣ್ಣಿಗೆ ಬೀಳುವುದು ಕಡಿಮೆ. ನಾಲ್ಕನೇ ಕ್ಲಾಸಿನಲ್ಲಿದ್ದೂ ಒತ್ತಕ್ಷರ ಓದಲು ತಡವರಿಸುವ ಹುಡುಗನಿಗೆ ತರಗತಿಯಲ್ಲಿ ವಾರಕ್ಕೊಮ್ಮೆಯೂ "ಶಭಾಷ್" ಸಿಗುವುದಿಲ್ಲ. ಫ್ರೀ ಫೈರ್ ಎಂಬ ಬಂದೂಕಿನ ಆಟದಲ್ಲಿ ಗೆದ್ದಾಗಲೆಲ್ಲ ಪರದೆಯ ತುಂಬ "ಬೂಯಾ" ಎಂದು ಬರುತ್ತದೆ. ಆ ಮಗು ಆಟಕ್ಕೆ ಹೋಗುತ್ತಿರುವುದು ಸೋಮಾರಿತನದಿಂದಲ್ಲ, ಅದು ಗೆಲ್ಲುವ ಒಂದೇ ಜಾಗ ಅಲ್ಲಿದೆ. ಹಾಗಿದ್ದಾಗ ಓದಿನ ತೊಡಕನ್ನು ಮುಟ್ಟದೆ ಫೋನ್ ಮಾತ್ರ ಕಿತ್ತುಕೊಂಡರೆ ಉಪಯೋಗವಿಲ್ಲ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ ಐದು ಕಾಲಂ ಎಳೆಯಿರಿ. ಯಾವ ಆಟ, ಶುರುವಾದ ಗಂಟೆ, ನಿಂತ ಗಂಟೆ, ಫೋನ್ ಕೈಗೆ ಹೋಗುವ ಮುಂಚೆ ಮನೆಯಲ್ಲಿ ಏನಾಗುತ್ತಿತ್ತು, ನಿಲ್ಲಿಸುವಾಗ ಏನಾಯಿತು. ಏಳು ದಿನ ಸಾಕು, ಅದರಲ್ಲಿ ಶನಿವಾರ-ಭಾನುವಾರ ಸೇರಿರಲಿ.

ಗಂಟೆಗಳನ್ನು ಅಂದಾಜಿನಲ್ಲಿ ಬರೆಯಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂದಿರುತ್ತದೆ. ಅದರ ಡ್ಯಾಶ್‌ಬೋರ್ಡ್ ತೆರೆದರೆ ಯಾವ ಆ್ಯಪ್ ದಿನಕ್ಕೆ ಎಷ್ಟು ನಿಮಿಷ ಓಡಿದೆ, ಎಷ್ಟು ಸಲ ತೆರೆದಿದ್ದಾರೆ ಎಂಬುದೆಲ್ಲ ಕಾಣುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ 'ಸ್ಕ್ರೀನ್ ಟೈಮ್' ಇದೆ. ಆಟದ ಜೊತೆಗೆ ಯೂಟ್ಯೂಬನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇರೆಯವರು ಗೇಮ್ ಆಡುವ ವಿಡಿಯೊ ನೋಡುವುದೂ ಅದೇ ಹಸಿವಿನ ಇನ್ನೊಂದು ತುತ್ತು. ಗೇಮ್ ಡಿಲೀಟ್ ಮಾಡಿ ಯೂಟ್ಯೂಬ್ ಬಿಟ್ಟರೆ ಮಗು ಹಗಲೆಲ್ಲ ಅದನ್ನೇ ನೋಡುತ್ತ, ಸಿಕ್ಕಿದ ಫೋನಿನಲ್ಲಿ ಗೇಮನ್ನು ಮತ್ತೆ ಇಳಿಸಿಕೊಳ್ಳುತ್ತದೆ.

ವಾರ ಮುಗಿದ ಮೇಲೆ ನಾಲ್ಕನೇ ಕಾಲಂ ಓದಿ. "ಶಾಲೆಯಿಂದ ಬಂದ, ಹಸಿವಾಗಿತ್ತು." "ನಾನು ಅಡುಗೆಗೆ ನಿಂತಿದ್ದೆ." "ಗಣಿತದ ಹೋಂವರ್ಕ್ ಬರಲಿಲ್ಲ." "ನೆಂಟರು ಬಂದಿದ್ದರು, ಗಲಾಟೆ ಮಾಡದಿರಲಿ ಎಂದು ಕೊಟ್ಟೆವು." ಎಷ್ಟೋ ಮನೆಗಳಲ್ಲಿ ಫೋನ್ ಕೊಟ್ಟವರು ದೊಡ್ಡವರೇ, ಅದೂ ಪ್ರತಿ ದಿನ ಅದೇ ಎರಡು-ಮೂರು ಹೊತ್ತಿನಲ್ಲಿ ಎಂದು ಆ ಹಾಳೆ ತೋರಿಸುತ್ತದೆ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಗಾರ್ಮೆಂಟ್ಸ್ ಕೆಲಸದಿಂದ ಏಳಕ್ಕೆ ಮನೆ ಸೇರುವ ತಾಯಿಗೆ, ನಾಲ್ಕೂವರೆಯಿಂದ ಏಳರವರೆಗೆ ಮಗು ಬೀದಿಗೆ ಹೋಗದೆ ಮನೆಯೊಳಗಿದೆ ಎನ್ನುವುದೇ ದೊಡ್ಡ ಸಮಾಧಾನ. ಫೋನ್ ಅಲ್ಲಿ ಕಾವಲುಗಾರನ ಕೆಲಸ ಮಾಡುತ್ತಿದೆ. ಅದನ್ನು ತೆಗೆಯಬೇಕಾದರೆ ಬೇರೆ ಕಾವಲು ಮೊದಲು ಹುಡುಕಬೇಕು.

ನಿಮಿಷ ಎಣಿಸಬೇಡಿ, ಆಟದ ಅಳತೆಯಲ್ಲೇ ಎಣಿಸಿ

"ಅರ್ಧ ಗಂಟೆ ಆಡು" ಎಂಬ ನಿಯಮ ಮುರಿದುಬೀಳುವುದು ಅರ್ಧ ಗಂಟೆಗೆ ಆಟ ಮುಗಿಯುವುದಿಲ್ಲ ಎಂಬ ಸರಳ ಕಾರಣಕ್ಕೆ. ಕಬಡ್ಡಿ ಆಡುತ್ತಿರುವಾಗ ಪಾಯಿಂಟ್ ನಡುವೆ ಕೈಹಿಡಿದು ಎಳೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದ್ದರಿಂದ ಯಾವ ಬಗೆಯ ಆಟ ಎಂದು ನೋಡಿ ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡಬೇಕು.

ಫ್ರೀ ಫೈರ್‌ನಂಥ ಆಟದಲ್ಲಿ 50 ಜನ ಇಳಿಯುತ್ತಾರೆ, ಒಂದು ಮ್ಯಾಚ್ ಸುಮಾರು 10 ನಿಮಿಷ. ಅದೇ ಬಗೆಯ ಬಿಜಿಎಂಐನಲ್ಲಿ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) 100 ಜನ, ದೊಡ್ಡ ಮ್ಯಾಪ್ ಆದರೆ ಕೊನೆಯವರೆಗೆ ಉಳಿದವರಿಗೆ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ. ನಡುವೆ ಬಿಟ್ಟರೆ ರ್‍ಯಾಂಕ್ ಇಳಿಯುತ್ತದೆ. ಸ್ಕ್ವಾಡ್‌ನಲ್ಲಿರುವ ಮೂವರು ಗೆಳೆಯರು ಸೋಲುತ್ತಾರೆ, ಮರುದಿನ ಶಾಲೆಯಲ್ಲಿ "ನೀನು ಓಡಿಹೋದೆ" ಎಂದು ಅಣಕಿಸುತ್ತಾರೆ. ನಿಮಗೆ ಕಾಣುವುದು ಹಟ, ಮಗುವಿಗೆ ಅದು ಮರ್ಯಾದೆ ಪ್ರಶ್ನೆ. ಇಲ್ಲಿ "ಎರಡು ಮ್ಯಾಚ್" ಎಂದು ಹೇಳಬೇಕು, ಎರಡನೆಯದು ಶುರುವಾಗುವಾಗ "ಇದು ಕೊನೆಯದು" ಎಂದು ಹತ್ತಿರ ಹೋಗಿ ಹೇಳಬೇಕು. ಅಡುಗೆಮನೆಯಿಂದ ಕೂಗಿದರೆ ಇಯರ್‌ಫೋನ್ ಹಾಕಿಕೊಂಡ ಮಗುವಿಗೆ ಕೇಳುವುದಿಲ್ಲ.

ಇದರ ಜೊತೆಗೆ ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು: ಬಂದೂಕಿನ ಈ ಆಟಗಳು ಈ ವಯಸ್ಸಿನವರಿಗಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಆಟದ ಹೆಸರಿನ ಹತ್ತಿರ 3+, 7+, 12+, 16+, 18+ ಎಂದು ವಯಸ್ಸು ಬರೆದಿರುತ್ತದೆ. ಎಂಟು ವರ್ಷದ ಮಗುವಿನ ಫೋನಿನಲ್ಲಿ 12+ ಅಥವಾ 16+ ಆಟ ಈಗಾಗಲೇ ಇದ್ದರೆ ಒಂದೇ ರಾತ್ರಿಯಲ್ಲಿ ಅಳಿಸುವುದಕ್ಕಿಂತ, ಮೂರು-ನಾಲ್ಕು ವಾರದಲ್ಲಿ ಮ್ಯಾಚ್ ಸಂಖ್ಯೆ ಇಳಿಸುತ್ತ ಬಂದು ತೆಗೆಯುವುದು ಬಾಳಿಕೆ ಬರುತ್ತದೆ. ಇನ್ನೂ ಶುರುವಾಗಿಲ್ಲವಾದರೆ ಇಳಿಸಿಕೊಡಲೇಬೇಡಿ.

ಸಬ್‌ವೇ ಸರ್ಫರ್ಸ್, ಟೆಂಪಲ್ ರನ್‌ನಂಥ ಓಟದ ಆಟಗಳಿಗೆ ಕೊನೆಯೇ ಇಲ್ಲ. ಔಟ್ ಆದ ಕೂಡಲೇ ಮತ್ತೆ ಶುರು. ಇವಕ್ಕೆ "ಐದು ಔಟ್" ಎಂಬ ಲೆಕ್ಕ ಸರಿಹೊಂದುತ್ತದೆ. ಮಗುವೇ ಬೆರಳು ಮಡಚಿ ಎಣಿಸಲಿ. ಎಣಿಸುವ ಕೆಲಸ ಮಗುವಿನದೇ ಆದಾಗ ಮೋಸ ಕಡಿಮೆ, ವಾದವೂ ಕಡಿಮೆ.

ಮೈನ್‌ಕ್ರಾಫ್ಟ್, ರೋಬ್ಲಾಕ್ಸ್‌ನಂಥ ಕಟ್ಟುವ, ಅಲೆದಾಡುವ ಆಟಗಳು ಬೇರೆ ಜಾತಿ. ಸೋಲು-ಗೆಲುವು ಇರುವುದಿಲ್ಲವಾದ್ದರಿಂದ ಮನೆಯವರು ಇವನ್ನು ಸಾಧು ಎಂದುಕೊಳ್ಳುತ್ತಾರೆ, ಆದರೆ ನಿಲ್ಲುವ ಜಾಗ ಸಿಗದೆ ಮಗು ಗಂಟೆಗಟ್ಟಲೆ ಕೂರುವುದು ಇಲ್ಲಿಯೇ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಸಹಜವಾದ ಗಡಿಯಾರವಿದೆ: ಆಟದೊಳಗಿನ ಒಂದು ಹಗಲು-ರಾತ್ರಿ ನಮ್ಮ 20 ನಿಮಿಷ, ಅದರಲ್ಲಿ ಹಗಲು ಸುಮಾರು 10 ನಿಮಿಷ. "ಎರಡು ಸಲ ಸೂರ್ಯ ಮುಳುಗಿದ ಮೇಲೆ ಸೇವ್ ಮಾಡಿ ಕೊಡು" ಎಂದರೆ ಮಗುವಿಗೆ ಥಟ್ಟನೆ ಅರ್ಥವಾಗುತ್ತದೆ. ರೋಬ್ಲಾಕ್ಸ್ ಒಂದೇ ಆಟವಲ್ಲ, ಸಾವಿರಾರು ಆಟಗಳ ಸಂತೆ. ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹೋಗುವುದೇ ಅಲ್ಲಿನ ತೊಂದರೆ. ಇವತ್ತು ಯಾವುದು ಎಂದು ಶುರುವಿಗೆ ಮುಂಚೆಯೇ ಹೇಳಿಸಿ, ಆ ಒಂದನ್ನು ಮಾತ್ರ ಆಡಿಸಿ. ಒಗಟು, ಚದುರಂಗ, ಒಂದು ಹಂತ ಮುಗಿದರೆ ನಿಲ್ಲುವ ಆಟಗಳಲ್ಲಿ ಈ ರಗಳೆ ಇಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಇಂಥವನ್ನೇ ಆರಿಸಿ.

ಒಟ್ಟು ಹೊತ್ತು ಎಷ್ಟು? ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯಂತೆ 2 ವರ್ಷದೊಳಗೆ ಪರದೆಯೇ ಬೇಡ, 2ರಿಂದ 5ರವರೆಗೆ ದೊಡ್ಡವರ ಜೊತೆ ಹೆಚ್ಚೆಂದರೆ 1 ಗಂಟೆ, 5ರಿಂದ 10ರವರೆಗೆ 2 ಗಂಟೆಯೊಳಗೆ. ಈ ಎರಡು ಗಂಟೆಯಲ್ಲಿ ಟಿವಿಯೂ ಸೇರಿದೆ. ಅದು ಮೇಲಿನ ಮಿತಿ ಅಷ್ಟೆ, ದಿನಾ ಮುಟ್ಟಬೇಕಾದ ಗುರಿಯಲ್ಲ. ಲೆಕ್ಕ ಹಾಕಿ ನೋಡಿ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರೂವರೆಗೆ ಏಳುವ ಮಗು ಒಂಬತ್ತಕ್ಕಾದರೂ ಮಲಗಬೇಕು, ಅದಕ್ಕೆ ಒಂದು ಗಂಟೆ ಮೊದಲೇ ಪರದೆ ಆರಬೇಕು. ಶಾಲೆಯಿಂದ ನಾಲ್ಕೂವರೆಗೆ ಬಂದರೆ ಎಂಟರವರೆಗೆ ಉಳಿಯುವುದು ಮೂರೂವರೆ ಗಂಟೆ. ತಿಂಡಿ, ಹೊರಗಿನ ಆಟ, ಹೋಂವರ್ಕ್ ಕಳೆದರೆ ಗೇಮಿಗೆ ಶಾಲೆಯ ದಿನ ಅರ್ಧ ಗಂಟೆಗಿಂತ ಹೆಚ್ಚು ಜಾಗ ಇರುವುದಿಲ್ಲ. ರಜಾದಿನ ಒಂದು ಗಂಟೆ ಕೊಡಬಹುದು, ಎರಡು ಕಂತಿನಲ್ಲಿ.

ಮೊದಲ ಎರಡು ವಾರ

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮೊದಲು ಹಾಸಿಗೆಯಿಂದ ಫೋನ್ ತೆಗೆಯಿರಿ. ರಾತ್ರಿ ಎಂಟಾದ ಮೇಲೆ ಮನೆಯ ಎಲ್ಲ ಫೋನುಗಳೂ ಹಾಲ್‌ನಲ್ಲಿ ಒಂದು ಕಡೆ ಚಾರ್ಜಿಗೆ ಹೋಗಲಿ, ಅಪ್ಪನದೂ ಸೇರಿ. ಅಲಾರಂಗೆ ನೂರೈವತ್ತು-ಇನ್ನೂರು ರೂಪಾಯಿಯ ಗಡಿಯಾರ ತನ್ನಿ, ಇಲ್ಲದಿದ್ದರೆ ಅಲಾರಂ ನೆಪದಲ್ಲಿ ಫೋನ್ ಮತ್ತೆ ದಿಂಬಿನ ಕೆಳಗೆ ಬರುತ್ತದೆ. ಹಾಸಿಗೆಯಿಂದಲೇ ಶುರುಮಾಡುವುದಕ್ಕೆ ಕಾರಣವಿದೆ. ನಿದ್ದೆ ತುಂಬಿದ ಮಗುವಿನ ಕಿರಿಕಿರಿ ನಾಲ್ಕೈದು ದಿನದಲ್ಲೇ ಕಡಿಮೆಯಾಗುತ್ತದೆ, ಮುಂದಿನ ಹೆಜ್ಜೆಗೆ ಅದು ಒಪ್ಪುವುದೂ ಸುಲಭವಾಗುತ್ತದೆ. ನಿದ್ದೆಗೆಟ್ಟ ಮಗುವಿನ ಹತ್ತಿರ ಯಾವ ನಿಯಮವೂ ನಿಲ್ಲುವುದಿಲ್ಲ.

ನಾಲ್ಕನೇ ದಿನದಿಂದ ಊಟದ ಹೊತ್ತಿಗೆ ಬನ್ನಿ. ಫೋನ್ ನೋಡುತ್ತ ತಿನ್ನುವ ಅಭ್ಯಾಸವಿದ್ದ ಮಗು ಒಂದೆರಡು ದಿನ ಕಡಿಮೆ ತಿನ್ನುತ್ತದೆ. ಹೆದರಿ ಬಾಯಿಗೆ ತುತ್ತಿಡಬೇಡಿ, ಬಲವಂತ ಮಾಡಬೇಡಿ. ಹಸಿವು ತನ್ನ ಕೆಲಸ ಮಾಡುತ್ತದೆ. ಎರಡನೇ ವಾರ ಸಂಜೆಯ ಆಟಕ್ಕೆ ನಿಗದಿತ ಹೊತ್ತು, ನಿಗದಿತ ಜಾಗ ಇಡಿ. ಹೊತ್ತು ಗಂಟೆಯಲ್ಲಿರಲಿ, "ಆರೂವರೆಗೆ" ಎಂದು. ಜಾಗ ಎಲ್ಲರೂ ಓಡಾಡುವ ಹಾಲ್ ಆಗಿರಲಿ, ರೂಮಿನ ಬಾಗಿಲು ಮುಚ್ಚಿಕೊಂಡು ಬೇಡ. ಆಟದ ಹೊತ್ತನ್ನು ಹೋಂವರ್ಕಿಗೆ ಬಹುಮಾನವಾಗಿ ಕಟ್ಟಬೇಡಿ. "ಓದಿದರೆ ಫೋನ್ ಕೊಡ್ತೀನಿ" ಎಂದು ದಿನಾ ಹೇಳಿದರೆ ಓದು ದಂಡವೂ ಫೋನ್ ಕಜ್ಜಾಯವೂ ಆಗುತ್ತದೆ.

ಆಟ ಮುಗಿದ ಮರುಕ್ಷಣ ಏನಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಫೋನ್ ಕೊಟ್ಟ ಕೂಡಲೇ ಗಣಿತದ ಪುಸ್ತಕ ಎದುರಾಗುವುದಾದರೆ ಯಾವ ಮಗು ಫೋನ್ ಕೊಡುತ್ತದೆ? ಹೋಂವರ್ಕ್ ಮೊದಲು ಮುಗಿಯಲಿ, ಆಮೇಲೆ ಆಟ, ಆಟದ ಬೆನ್ನಿಗೇ ಊಟವೋ ಸೈಕಲ್ಲೋ ಅಪ್ಪನ ಜೊತೆ ಅಂಗಡಿಗೆ ಹೋಗುವುದೋ ಇರಲಿ. ಫೋನನ್ನು ನೀವು ತೆಗೆದುಕೊಳ್ಳಬೇಡಿ, ಮಗುವೇ ತಂದು ಚಾರ್ಜಿಗೆ ಹಾಕಲಿ. ಹಾಕಿದಾಗ "ಮ್ಯಾಚ್ ಮುಗಿದ ಕೂಡಲೇ ತಂದಿಟ್ಟೆ" ಎಂದು ಅಷ್ಟೇ ಹೇಳಿ. ಆ ಒಂದು ಮಾತಿಗೆ ಅರ್ಧ ಗಂಟೆಯ ಉಪದೇಶಕ್ಕಿಂತ ಹೆಚ್ಚು ಶಕ್ತಿಯಿದೆ.

ಮೂರನೇ ದಿನದಿಂದ ಎಂಟು-ಹತ್ತನೇ ದಿನದವರೆಗೆ ಗಲಾಟೆ ಕಡಿಮೆಯಾಗುವ ಬದಲು ಹೆಚ್ಚಬಹುದು. ಅಳು, "ನೀನು ಕೆಟ್ಟ ಅಮ್ಮ" ಎನ್ನುವುದು, ತಂಗಿಗೆ ಹೊಡೆಯುವುದು, ಸಾಮಾನು ಎಸೆಯುವುದು. ಮೊದಲು ಫಲಿಸುತ್ತಿದ್ದ ಉಪಾಯ ಫಲಿಸದಿದ್ದಾಗ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಮನೆಯವರು ಸೋಲುವುದು ಸರಿಯಾಗಿ ಇಲ್ಲಿಯೇ. ಐದನೇ ದಿನ ತಡೆಯಲಾರದೆ ಫೋನ್ ಕೊಟ್ಟರೆ, ಐದು ದಿನ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮುಂದಿನ ಸಲ ಐದು ದಿನ ಅಳುತ್ತದೆ. ಹಾಗಾಗಿ ಪರೀಕ್ಷೆ, ಮದುವೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ವಾರ ಇದನ್ನು ಶುರುಮಾಡಬೇಡಿ. ಗಲಾಟೆಯ ನಡುವೆ ಬುದ್ಧಿ ಹೇಳಬೇಡಿ, ಹೊಡೆಯಬೇಡಿ, ಹೊಸ ಶಿಕ್ಷೆ ಘೋಷಿಸಬೇಡಿ. ಹತ್ತಿರವೇ ಕುಳಿತಿರಿ. "ಬೇಜಾರಾಗಿದೆ, ಗೊತ್ತು. ನಾಳೆ ಆರೂವರೆಗೆ ಆಟ ಇದೆ." ಅಷ್ಟು ಸಾಕು.

ಅಜ್ಜಿ-ತಾತ ಇರುವ ಮನೆಯಲ್ಲಿ ಈ ನಿಯಮ ಅವರ ಮೂಲಕವೇ ತಪ್ಪುತ್ತದೆ. ಮೊಮ್ಮಗು ಅತ್ತರೆ ಅವರಿಗೆ ತಡೆಯುವುದಿಲ್ಲ. ಅವರನ್ನು ದೂರುವ ಬದಲು ಅವರಿಗೆ ಹೇಳಲು ಒಂದು ಮಾತು ಕೊಡಿ: "ಫೋನ್ ಅಮ್ಮನ ಹತ್ತಿರ ಇದೆ ಕಂದ, ಬಾ ಚೌಕಾಬಾರ ಆಡೋಣ."

ಫೋನಿನೊಳಗೆ ಮಾಡಬೇಕಾದ್ದು

ಮಗುವಿಗೇ ಪ್ರತ್ಯೇಕ ಫೋನೋ ಟ್ಯಾಬೋ ಇದ್ದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಹಾಕಿ, ಅದಕ್ಕೆ ದುಡ್ಡಿಲ್ಲ. ಪೋಷಕರ ಫೋನಿನಲ್ಲಿ ಆ ಆ್ಯಪ್ ಇಳಿಸಿ ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ತೆರೆಯಬೇಕು. ದಿನದ ಮಿತಿ, ರಾತ್ರಿ ಫೋನ್ ಮುಚ್ಚುವ ಹೊತ್ತು, ಒಂದೊಂದು ಆ್ಯಪಿಗೆ ಬೇರೆ ಬೇರೆ ಮಿತಿ, ಹೊಸ ಆ್ಯಪ್ ಇಳಿಸಲು ನಿಮ್ಮ ಒಪ್ಪಿಗೆ ಎಲ್ಲವನ್ನೂ ಇಡಬಹುದು. ಬೇಗ ಮುಗಿಯಲಿ ಎಂದು ದೊಡ್ಡವರ ಹುಟ್ಟಿದ ವರ್ಷ ಹಾಕಿ ಖಾತೆ ಮಾಡಿಕೊಟ್ಟಿದ್ದರೆ ಗೂಗಲ್ ಲೆಕ್ಕದಲ್ಲಿ ಆ ಮಗು ದೊಡ್ಡವರೇ. ಆಗ ಹುಟ್ಟಿದ ದಿನಾಂಕ ಸರಿಪಡಿಸಬೇಕು, ಇಲ್ಲವೇ ಹೊಸ ಖಾತೆ ತೆರೆಯಬೇಕು.

ಆದರೆ ನಮ್ಮಲ್ಲಿ ಹೆಚ್ಚಿನ ಮಕ್ಕಳು ಆಡುವುದು ಅಪ್ಪ-ಅಮ್ಮನ ಫೋನಿನಲ್ಲಿ, ಅಲ್ಲಿ ಫ್ಯಾಮಿಲಿ ಲಿಂಕ್ ನೆರವಿಗೆ ಬರುವುದಿಲ್ಲ. ಆಗ ಲಾಕ್ ಪ್ಯಾಟರ್ನ್ ಬಿಟ್ಟು ಆರು ಅಂಕಿಯ ಪಿನ್ ಇಡಿ. ಪ್ಯಾಟರ್ನನ್ನು ಮಕ್ಕಳು ಬೆರಳಿನ ಚಲನೆ ನೋಡಿಯೇ ಕಲಿತುಬಿಡುತ್ತಾರೆ. ಮಗುವಿನ ಬೆರಳಚ್ಚು ಸೇರಿಸಿದ್ದರೆ ಇವತ್ತೇ ತೆಗೆಯಿರಿ. ಪ್ಲೇ ಸ್ಟೋರ್, ಯೂಟ್ಯೂಬ್, ಕ್ರೋಮ್, ಸೆಟ್ಟಿಂಗ್ಸ್‌ಗೆ ಫೋನಿನಲ್ಲೇ ಬರುವ ಆ್ಯಪ್ ಲಾಕ್ ಇದ್ದರೆ ಹಾಕಿ. ಮಗುವಿಗೆ ಕೊಡುವಾಗ 'ಆ್ಯಪ್ ಪಿನ್ನಿಂಗ್' ಬಳಸಿದರೆ ಆ ಒಂದು ಆಟ ಬಿಟ್ಟು ಬೇರೆ ಕಡೆ ಹೋಗಲಾಗುವುದಿಲ್ಲ. ಆ್ಯಪ್ ಟೈಮರ್ ಒಂದನ್ನೇ ನೆಚ್ಚಬೇಡಿ, ಸೆಟ್ಟಿಂಗ್ಸ್ ತೆರೆದಿದ್ದರೆ ಎಂಟು ವರ್ಷದ ಮಗುವೂ ಅದನ್ನು ತೆಗೆಯುತ್ತದೆ. ಟೈಮರ್ ಮ್ಯಾಚ್ ನಡುವೆ ಕತ್ತರಿಸುವುದೂ ಉಂಟು, ಆದ್ದರಿಂದ ಒಪ್ಪಿಕೊಂಡ ಹೊತ್ತಿಗಿಂತ ಹತ್ತು ನಿಮಿಷ ಹೆಚ್ಚಿಡಿ. ಗೇಮಿನ ನೋಟಿಫಿಕೇಷನ್ ಪೂರ್ತಿ ಬಂದ್ ಮಾಡಿ. "ನಿನ್ನ ಬಹುಮಾನ ಕಾಯುತ್ತಿದೆ" ಎಂಬ ಸಂದೇಶವೇ ಎಷ್ಟೋ ಸಲ ಕಿಡಿ ಹೊತ್ತಿಸುವುದು.

ದುಡ್ಡಿನ ವಿಷಯ. ಮಕ್ಕಳ ಬಾಯಲ್ಲಿ 'ಡೈಮಂಡ್', 'ಯುಸಿ', 'ರೋಬಕ್ಸ್' ಎಂಬ ಮಾತು ಬಂದರೆ ಕಿವಿ ನಿಮಿರಬೇಕು. ಮೂರೂ ಆಟದೊಳಗಿನ ನಾಣ್ಯ, ಅಸಲಿ ರೂಪಾಯಿ ಕೊಟ್ಟೇ ಕೊಳ್ಳುವಂಥವು. ಪ್ಲೇ ಸ್ಟೋರ್‌ನ ಪಾವತಿ ವಿಭಾಗಕ್ಕೆ ಹೋಗಿ ಸೇರಿಸಿಟ್ಟ ಕಾರ್ಡ್, ಯುಪಿಐ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಆ್ಯಪಿನಲ್ಲಿ 'ಆಟೋಪೇ' ಪಟ್ಟಿ ತೆರೆದು ಗೊತ್ತಿಲ್ಲದ ಹೆಸರಿದ್ದರೆ ರದ್ದು ಮಾಡಿ. ಮಗುವಿನ ಎದುರು ಯುಪಿಐ ಪಿನ್ ಒತ್ತಬೇಡಿ. ಐಫೋನಿನಲ್ಲಿ ಸ್ಕ್ರೀನ್ ಟೈಮ್‌ನ ನಿರ್ಬಂಧಗಳಲ್ಲಿ ಆ್ಯಪ್‌ನೊಳಗಿನ ಖರೀದಿಯನ್ನು ಮುಚ್ಚಬಹುದು. ಇಷ್ಟು ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ: ದೊಡ್ಡ ಹುಡುಗರು ಕೈಯಲ್ಲಿ ನಗದು ಇಸಿದುಕೊಂಡು ಮಗುವಿನ ಗೇಮ್ ಐಡಿಗೆ ಟಾಪ್‌ಅಪ್ ಹಾಕಿಕೊಡುತ್ತಾರೆ. ಜೇಬಿನಿಂದ, ಹುಂಡಿಯಿಂದ ಚಿಲ್ಲರೆ ಕಾಣೆಯಾಗುತ್ತಿದ್ದರೆ ಈ ಕಡೆಗೂ ನೋಡಿ. ದುಡ್ಡು ಹೋದದ್ದು ತಿಳಿದ ಕೂಡಲೇ ಪ್ಲೇ ಸ್ಟೋರ್‌ನಲ್ಲಿ ಆ ಖರೀದಿಗೆ ರೀಫಂಡ್ ಕೋರಿ. 48 ಗಂಟೆಯೊಳಗಾದರೆ ದಾರಿ ಸುಲಭ. ಯಾರೋ ಅಪರಿಚಿತರು ಒಟಿಪಿ ಕೇಳಿ ಮೋಸ ಮಾಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ಅಂಥ ಆ್ಯಪ್ ಮನೆಯ ಯಾರ ಫೋನಿನಲ್ಲಿದ್ದರೂ ಮೊದಲು ತೆಗೆಯಿರಿ.

ಆಟದೊಳಗಿನ ಮಾತುಕತೆಯನ್ನೂ ಮರೆಯಬೇಡಿ. ಮೈಕ್ ಅನುಮತಿ ತೆಗೆಯಿರಿ, ಫ್ರೆಂಡ್ ಪಟ್ಟಿಯಲ್ಲಿ ಮಗು ಮುಖತಃ ಬಲ್ಲವರು ಮಾತ್ರ ಇರಲಿ. ಯಾರಾದರೂ ಫೋಟೊ, ವಾಟ್ಸ್‌ಆ್ಯಪ್ ನಂಬರ್, ಮನೆಯ ವಿಳಾಸ ಕೇಳಿದರೆ ಬಂದು ಹೇಳಬೇಕು, ಹೇಳಿದರೆ ಫೋನ್ ಕಸಿಯುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಫೋನ್ ಹೋಗುತ್ತದೆಂಬ ಭಯಕ್ಕೇ ಮಕ್ಕಳು ಇಂಥದ್ದನ್ನು ಮುಚ್ಚಿಡುತ್ತಾರೆ. ಮಕ್ಕಳ ಸಹಾಯವಾಣಿ 1098.

ಖಾಲಿಯಾದ ಗಂಟೆಗೆ ಏನು

ಇಲ್ಲಿ ದೊಡ್ಡ ದೊಡ್ಡ ಯೋಜನೆ ಬೇಡ. ಗೇಮ್ ಏನು ಕೊಡುತ್ತಿತ್ತೋ ಅದನ್ನೇ ಕೊಡುವಂಥದ್ದು ಬೇಕು. ಗೆಲುವು ಬೇಕಾದ ಮಗುವಿಗೆ ಅಳಗುಳಿಮಣೆ, ಹುಲಿ-ಕುರಿ ಆಟ, ಕೇರಂ. ಗುಂಪು ಬೇಕಾದ ಮಗುವಿಗೆ ಲಗೋರಿ, ಮರಕೋತಿ, ಗಲ್ಲಿ ಕ್ರಿಕೆಟ್. ಕಟ್ಟುವ ಮಗುವಿಗೆ ಖಾಲಿ ರಟ್ಟಿನ ಡಬ್ಬ, ಅಂಟು, ಕತ್ತರಿ. ದಿನಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬಯಲಿನ ಬೆಳಕಿನಲ್ಲಿರುವುದು ಸಮೀಪದೃಷ್ಟಿ ಬರದಂತೆ ತಡೆಯಲೂ ನೆರವಾಗುತ್ತದೆ. ಶಾಲೆಯ ಆಟದ ಪಿರಿಯಡ್ಡೂ ಈ ಲೆಕ್ಕಕ್ಕೆ ಸೇರುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ಸಂಜೆ ತೆರೆದಿರುತ್ತದೆಯೇ ಎಂದು ಕೇಳಿ ನೋಡಿ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಆ ಒಂದೆರಡು ಗಂಟೆ ದೊಡ್ಡ ಆಸರೆ.

ಕಟ್ಟೆಯ ಮೇಲೆ ಒಂದೇ ಫೋನಿಗೆ ಆರು ತಲೆ ಬಾಗಿರುವ ಬೀದಿಯಲ್ಲಿ ಒಂದು ಮನೆಯ ನಿಯಮ ನಿಲ್ಲುವುದಿಲ್ಲ. ಅಕ್ಕಪಕ್ಕದ ಮೂರು-ನಾಲ್ಕು ಮನೆಯವರು ಸೇರಿ, ಐದರಿಂದ ಆರೂವರೆವರೆಗೆ ಯಾರೂ ಫೋನ್ ಕೊಡುವುದಿಲ್ಲ ಎಂದು ಮಾತಾಡಿಕೊಂಡರೆ ಆಡುವ ಜೊತೆಗಾರರು ತಾವಾಗಿಯೇ ಬೀದಿಗೆ ಬರುತ್ತಾರೆ.

ಶಿಕ್ಷಕರಿಗೂ ಒಂದು ಕೋರಿಕೆ. ಹೋಂವರ್ಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ, ಡೈರಿಯಲ್ಲಿ ಬರೆಸಿ. ಗುಂಪಿಗೆ ಹಾಕಿದರೆ ಫೋನ್ ಓದಿನ ನೆಪದಲ್ಲಿ ಕೈಸೇರುತ್ತದೆ. ಗುಂಪಿಗೇ ಬಂದರೆ ಅಪ್ಪನೋ ಅಮ್ಮನೋ ಹಾಳೆಗೆ ಬರೆದುಕೊಟ್ಟು ಫೋನ್ ಎತ್ತಿಡಲಿ. "ಯಾರ್‍ಯಾರು ಗೇಮ್ ಆಡ್ತೀರಿ, ಕೈ ಎತ್ತಿ" ಎಂದು ಕ್ಲಾಸಿನಲ್ಲಿ ಕೇಳಿ ಬೈಯುವುದರಿಂದ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ ಅಷ್ಟೆ. ಸೋಮವಾರ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುವ ಮಗುವನ್ನು ಗುರುತಿಟ್ಟು, ಪೋಷಕರನ್ನು ಕರೆದು ಭಾನುವಾರ ರಾತ್ರಿ ಎಷ್ಟಕ್ಕೆ ಮಲಗಿತೆಂದು ಮೆಲ್ಲಗೆ ವಿಚಾರಿಸಿ.

ಮನೆಯಿಂದಾಗದು ಎನಿಸಿದಾಗ

ನಾಲ್ಕರಿಂದ ಆರು ವಾರ ನೇರ್ಪಾಗಿ ಪಾಲಿಸಿಯೂ ಬದಲಾವಣೆ ಕಾಣದಿದ್ದರೆ, ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದರೆ, ರಾತ್ರಿ ಕದ್ದು ಎದ್ದು ಆಡುತ್ತಿದ್ದರೆ, ಮನೆಯವರ ಮೇಲೆ ಕೈ ಮಾಡುತ್ತಿದ್ದರೆ, ದುಡ್ಡು ಕದಿಯುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಹನ್ನೆರಡು ತಿಂಗಳು ಕಾಯಬೇಕಿಲ್ಲ. "ಫೋನ್ ಕೊಡದಿದ್ದರೆ ಸಾಯ್ತೀನಿ" ಎಂದು ಮಗು ಹೇಳಿದರೆ ಅದನ್ನು ನಾಟಕ ಎಂದು ತಳ್ಳಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಸಹಾಯ ಪಡೆಯಿರಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು.

ಹೋಗುವಾಗ ಮೊದಲ ವಾರ ಬರೆದ ಹಾಳೆ, ಶಾಲೆಯ ಅಂಕಪಟ್ಟಿ, ಮಗುವಿನ ಒಂದೆರಡು ನೋಟ್‌ಬುಕ್ ಒಯ್ಯಿರಿ. ಗೇಮಿನ ಗೀಳಿಗೆಂದೇ ಒಂದು ಮಾತ್ರೆಯಿಲ್ಲ. ಅಲ್ಲಿ ನಿದ್ದೆ, ಮನೆಯ ವಾತಾವರಣ, ಗೆಳೆಯರ ಬಗ್ಗೆ ವಿಚಾರಿಸುತ್ತಾರೆ. ಗಮನ ನಿಲ್ಲದ ಎಡಿಎಚ್‌ಡಿ, ಓದಿನ ತೊಡಕು, ಆತಂಕ, ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂಬುದನ್ನು ನೋಡುತ್ತಾರೆ. ಇವುಗಳಲ್ಲಿ ಒಂದು ಸಿಕ್ಕಿ ಅದಕ್ಕೆ ಚಿಕಿತ್ಸೆಯಾದರೆ ಆಟದ ಸೆಳೆತವೂ ಅದರ ಜೊತೆಗೇ ಇಳಿಯುವುದುಂಟು. ಆಪ್ತಸಮಾಲೋಚನೆಗೆ ಅಪ್ಪ-ಅಮ್ಮ ಇಬ್ಬರೂ ಹೋಗಬೇಕು. ಮಗುವನ್ನು ಬಿಟ್ಟು ಹೊರಗೆ ಕಾದರೆ ಅರ್ಧ ಚಿಕಿತ್ಸೆ ಬಾಗಿಲಾಚೆಯೇ ಉಳಿಯುತ್ತದೆ.

ಎಲ್ಲ ಸರಿಹೋದ ಮೇಲೂ ದಸರಾ ರಜೆಗೆ ಊರಿಗೆ ಹೋದಾಗ, ಅಣ್ಣಂದಿರ ಫೋನುಗಳ ನಡುವೆ ನಿಯಮ ಮುರಿಯುತ್ತದೆ. ಅಲ್ಲಿ ನಾಲ್ಕು ಜನರ ಎದುರು ಜಗಳ ತೆಗೆಯಬೇಡಿ, ರಾತ್ರಿ ಮಲಗುವ ಹೊತ್ತೊಂದನ್ನು ಕಾಯ್ದುಕೊಂಡರೆ ಸಾಕು. ವಾಪಸ್ ಬಂದ ಮಾರನೇ ದಿನವೇ ಹಳೆಯ ಆರೂವರೆ, ಹಳೆಯ ಎರಡು ಮ್ಯಾಚ್. ಎರಡು-ಮೂರು ದಿನ ರಗಳೆ ಇರುತ್ತದೆ, ಮೊದಲ ಸಲದಷ್ಟು ಇರುವುದಿಲ್ಲ.